ಹತ್ತಿಯ ಹೊಗೆ, ಕುಂಕುಮದ ಬೆಂಕಿ

ಇವತ್ತು ಬೆಳಿಗ್ಗೆ ನಮ್ಮ ಓಣಿಗೆ ಗಾದಿ ಹಿಂಜುವವರ ಟೆಂಪೊ ಬಂದಿತ್ತು. ಹಿಂದೆಲ್ಲ ಪಿಂಜಾರರು ಹೆಗಲ ಮೇಲೆ ಹತ್ತಿ ಹಿಂಜುವ ಬಿಲ್ಲು ಹೊತ್ತು ಬರುತ್ತಿದ್ದರು. ಆ ಬಿಲ್ಲಿನ ನಾರಿನ ಟಂಯ್ ಟಂಯ್ ಸದ್ದು ಕೇಳಿಯೇ ಗಾದಿಗಳನ್ನು ಹೊರಗೆ ಎಳೆಯುತ್ತಿದ್ದೆವು. ಈಗ ಎಲ್ಲ ಯಂತ್ರ. ಎದುರು ಮನೆಯವರ ಹಳೇ ಗಾದಿಯ ಹೊಟ್ಟೆ ಬಗೆದು ಯಂತ್ರಕ್ಕೆ ಕೊಟ್ಟದ್ದೇ ತಡ, ಓಣಿ ತುಂಬ ಅರಳೆ ಹಾರಿತು. ಅದರಲ್ಲಿ ಒಂದು ಎಳೆ ನನ್ನ ಕಿಟಕಿಯ ಜಾಲರಿಗೆ ಬಂದು ಅಂಟಿಕೊಂಡಿತು. ಬೇರೆಯವರಾಗಿದ್ದರೆ ಉಫ್ ಎಂದು ಊದಿ ಕಳಿಸುತ್ತಿದ್ದರು. ನಾನು ಕನ್ನಡಕ ಹಾಕಿಕೊಂಡು, ಅದನ್ನು ಎರಡು ಬೆರಳಲ್ಲಿ ಹಿಡಿದು, ಬೆಳಕಿಗೆ ಒಡ್ಡಿ ತಿರುಗಿಸಿ ತಿರುಗಿಸಿ ನೋಡಿದೆ. ಕೆಂಪು ಇದೆಯೇ? ಕಪ್ಪು ಇದೆಯೇ? ಒಳಗೆ ತಂತಿ? ಏನೂ ಇರಲಿಲ್ಲ. ಬರೀ ಬಿಳಿ ಅರಳೆ. ಆದರೂ ಕೈ ತೊಳೆದುಕೊಂಡೆ.

ನಗುವುದಾದರೆ ನಗಿ. ಸಂಶಯ ನನ್ನ ಹುಟ್ಟುಗುಣ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹಿರಿಯರೇ ಹೇಳಿರುವಾಗ ನಾನು ಅದನ್ನು ಸುಡುವ ಗೋಜಿಗೆ ಹೋಗಿಲ್ಲ. ತುಂಬಿದ ಬಸ್ಸಿನಲ್ಲಿ ಒಂದು ಸೀಟು ಖಾಲಿ ಕಂಡರೆ, ಅದೇಕೆ ಖಾಲಿ ಇದೆ ಎಂದು ಯೋಚಿಸುತ್ತ ನಿಲ್ಲುತ್ತೇನೆ. ಅಷ್ಟರಲ್ಲಿ ಇನ್ನೊಬ್ಬರು ಕೂತು ನಿದ್ದೆಯನ್ನೂ ಹೊಡೆಯುತ್ತಿರುತ್ತಾರೆ. ಕಾಯಿಪಲ್ಲೆಯವಳು ಕೇಳದೆಯೇ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದರೆ ನನ್ನ ಕಣ್ಣು ತಕ್ಕಡಿಯ ಕಡೆ ಹೋಗುತ್ತದೆ. ಶಿರಹಟ್ಟಿಯ ನನ್ನ ತವರಿನಲ್ಲಿ ನಾವೆಲ್ಲ ಹೀಗೆಯೇ. 'ಬೆಳ್ಳಗೈತಿ ಅಂತ ಹಾಲು ಕುಡೀಬ್ಯಾಡ, ಮೊದಲ ಮೂಸಿ ನೋಡು' ಎಂದು ಅವ್ವ ನನಗೆ ಬುದ್ಧಿ ಹೇಳಿಯೇ ಬೆಟಗೇರಿಗೆ ಕಳಿಸಿದ್ದು. ಆದರೆ ಬೆಟಗೇರಿಯಲ್ಲಿ ನನ್ನ ಅತ್ತೆಯನ್ನು ಕಂಡ ಮೇಲೆ, ಈ ವಿದ್ಯೆಯಲ್ಲಿ ನಾನಿನ್ನೂ ಅ ಆ ತಿದ್ದುವವಳು ಎಂದು ತಿಳಿಯಿತು.

ಅದು ಎಂಬತ್ತರ ದಶಕದ ಮೊದಲ ವರ್ಷಗಳು. ಓಣಿಯ ಮನೆಮನೆಯಲ್ಲೂ ಮಗ್ಗದ ಲಟಕ್ ಪಟಕ್. ನಮ್ಮದು ನಡುವೆ ಸೀಳಿದ ಒಂದೇ ಮನೆ. ಈ ಕಡೆ ಅತ್ತೆ, ನಮ್ಮವರು, ನಾನು. ಆ ಕಡೆ ಗಿರಿಜಕ್ಕ. ಆಕೆ ನನಗೆ ನೆಗೆಣ್ಣಿ, ನಮ್ಮವರ ಅಣ್ಣನ ಹೆಂಡತಿ. ಭಾವ ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಆಕೆ ನೇಕಾರರ ಮನೆಗಳಿಗೆ ನೂಲು ಸುತ್ತಿಕೊಟ್ಟು ತನ್ನ ಹೊಟ್ಟೆ ತಾನು ಹೊರೆದುಕೊಂಡಿದ್ದಳು. ಎರಡು ಮನೆಗೂ ನಡುವೆ ಒಂದು ನಡುಬಾಗಿಲು, ಅದಕ್ಕೆ ಎರಡೂ ಕಡೆ ಅಗಳಿ. ನೀರಿನ ನಳ ಇದ್ದದ್ದು ನಮ್ಮ ಹಿತ್ತಲಿನಲ್ಲಿ. ಹೀಗಾಗಿ ಕೊಡ ಹಿಡಿದುಕೊಂಡು ಗಿರಿಜಕ್ಕ ಆ ಬಾಗಿಲಿನಿಂದ ದಿನಕ್ಕೆ ಹತ್ತು ಸಲ ಬರುವವಳು, ಬಂದಾಗಲೆಲ್ಲ ಒಂದು ಮಾತು ಬಿಟ್ಟು ಹೋಗುವವಳು. ಮದುವೆಯಾಗಿ ಬಂದ ಹೊಸದರಲ್ಲಿ ಆ ಮನೆಯಲ್ಲಿ ನನ್ನ ಜೊತೆ ನಕ್ಕವಳು ಅವಳೊಬ್ಬಳೇ.

ನಮ್ಮವರು ಗದಗಿನ ಹತ್ತಿ ದಲಾಲರೊಬ್ಬರ ಅಂಗಡಿಯಲ್ಲಿ ಗುಮಾಸ್ತರು. ಸಂಜೆ ಮನೆಗೆ ಬಂದರೆ ಅಂಗಿಯ ಮೇಲೆ ಅರಳೆ, ಕಿವಿಯ ಸಂದಿಯಲ್ಲಿ ಅರಳೆ, ಹುಬ್ಬಿನಲ್ಲಿ ಅರಳೆ. ಬೇರೆ ಹೆಂಡಂದಿರು ಗಂಡನ ಅಂಗಿಯ ಮೇಲೆ ಉದ್ದ ಕೂದಲು ಹುಡುಕುತ್ತಾರಂತೆ. ನಾನು ಹುಡುಕುತ್ತಿದ್ದೆ, ಸುಳ್ಳೇಕೆ ಹೇಳಲಿ. ಆದರೆ ಆ ಹತ್ತಿಯ ಕಾಡಿನಲ್ಲಿ ಕೂದಲು ಎಲ್ಲಿ ಕಾಣಬೇಕು? ಹೀಗೆ ನಮ್ಮ ಮನೆಯಲ್ಲಿ ಹತ್ತಿ ಎಂದರೆ ಧೂಳಿನಷ್ಟೇ ಮಾಮೂಲು. ಅದಕ್ಕೆ ಯಾರೂ ಹೆದರುತ್ತಿರಲಿಲ್ಲ, ಆ ಒಂದು ಬೆಳಿಗ್ಗೆಯ ತನಕ.

ಆ ಬೆಳಿಗ್ಗೆ ಅತ್ತೆ ನಡುಬಾಗಿಲ ಹೊಸ್ತಿಲು ಗುಡಿಸುತ್ತಿದ್ದವರು ಕಸಬರಿಗೆ ಬಿಟ್ಟು ಹಿಂದೆ ಸರಿದರು. ಹೊಸ್ತಿಲ ಮೇಲೆ ಹೆಬ್ಬೆರಳಿನಷ್ಟು ಅರಳೆ ಬಿದ್ದಿತ್ತು. ಬುಡದಲ್ಲಿ ಅರಿಶಿನ, ನಡುವೆ ಕುಂಕುಮ, ತುದಿಯಲ್ಲಿ ಕಾಡಿಗೆ. ಒಳಗಿನಿಂದ ಕೂದಲೆಳೆಯಂಥ ತಾಮ್ರದ ತಂತಿ ಹೊರಗೆ ಚಾಚಿತ್ತು. ಅರಿಶಿನ, ಕುಂಕುಮ, ಕಾಡಿಗೆ, ತಾಮ್ರ, ಅದೂ ಹೊಸ್ತಿಲ ಮೇಲೆ! ನಮ್ಮ ಕಡೆಯ ಎಂಥ ಹೆಂಗಸನ್ನು ಕೇಳಿದರೂ ಒಂದೇ ಉತ್ತರ ಬರುತ್ತಿತ್ತು. ಅತ್ತೆ ಆ ಪದವನ್ನು ಬಾಯಲ್ಲಿ ಆಡಲಿಲ್ಲ. ಚಿಮಟಿಗೆಯಿಂದ ಎತ್ತಿ ಒಂದು ತಗಡಿನ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರು. ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿದರು. ಮದುವೆಯಾಗಿ ವರ್ಷಗಳಾಗಿದ್ದವು, ನನಗಿನ್ನೂ ಮಕ್ಕಳಾಗಿರಲಿಲ್ಲ. ಆ ನೋಟದ ನಂತರ ಅವರ ಕಣ್ಣು ನಿಧಾನವಾಗಿ ನಡುಬಾಗಿಲ ಕಡೆ ಹೋಯಿತು.

'ಯಾರೂ ಮಾಡಿರಲಿಕ್ಕಿಲ್ಲ ಬಿಡ್ರಿ, ಗಾಳಿಗೆ ಹಾರಿ ಬಂದಿರಬೇಕು' ಎಂದೆ.

'ಗಾಳಿ ಕುಂಕುಮಾ ಹಚಗೊಂಡು ಬರತೈತೇನ? ಬೆಂಕಿ ಇಲ್ಲದ ಹೊಗಿ ಎಲ್ಲಿಂದ ಬರತೈತವಾ?' ಎಂದರು ಅತ್ತೆ.

ಅಲ್ಲಿಂದ ಶುರುವಾಯಿತು. ವಾರ ಕಳೆಯುವುದರೊಳಗೆ ಅಂಥದೇ ಇನ್ನೊಂದು, ಅದೇ ಹೊಸ್ತಿಲ ಮೇಲೆ. ಮೊದಲ ಅರಳೆಗೂ ಮುಂಚೆ ಒಂದು ದಿನ ಮನೆ ತುಂಬ ಏನೋ ಸುಟ್ಟ ವಾಸನೆ ಬಂದದ್ದು ಅತ್ತೆಗೆ ಈಗ ನೆನಪಾಯಿತು. ಕಟ್ಟಿಗೆಯದಲ್ಲ, ಎಣ್ಣೆಯದಲ್ಲ, ಹೆಸರು ಹೇಳಲಾಗದ ವಾಸನೆ. ದೇವರ ಜಗಲಿಯ ಕುಂಕುಮದ ಭರಣಿ ತಾನಾಗಿ ತಳ ಕಾಣತೊಡಗಿತು. ಅತ್ತೆಯ ತರ್ಕ ನೋಡಿ: ಮಾವ ತೀರಿದ ಮೇಲೆ ಮನೆಯಲ್ಲಿ ಕುಂಕುಮ ಹಚ್ಚಿಕೊಳ್ಳುವವಳು ಸೊಸೆ ಒಬ್ಬಳೇ, ಅವಳ ಹಣೆ ಇದ್ದಷ್ಟೇ ಇದೆ. ಹಾಗಾದರೆ ಖರ್ಚಾಗುವ ಕುಂಕುಮ ಹಚ್ಚಿಕೊಳ್ಳದವಳ ಕೈಗೇ ಹೋಗುತ್ತಿರಬೇಕು. ಇದಕ್ಕೆ ಯಾವ ವಕೀಲ ಉತ್ತರ ಕೊಟ್ಟಾನು?

ನನ್ನ ಸಂಶಯ ಮಾತ್ರ ಬೇರೆ ದಾರಿ ಹಿಡಿದಿತ್ತು. ನಮ್ಮವರು ಸಂಜೆ ಚಹಾ ಕುಡಿದವರೇ ಏಣಿ ಹಾಕಿಕೊಂಡು ಅಟ್ಟ ಏರುತ್ತಿದ್ದರು. ಕೇಳಿದರೆ, 'ಇಲಿ ಭಾಳ ಆಗ್ಯಾವ, ಬೋನು ಇಡಾಕ ಹೊಂಟೀನಿ.' ದಿನಾಲೂ ಬೋನು ಇಟ್ಟರೂ ಒಂದು ಇಲಿಯೂ ಬೀಳಲಿಲ್ಲ. ರವಿವಾರ ಬಂತೆಂದರೆ ಲಕ್ಷ್ಮೇಶ್ವರ. ಅಲ್ಲಿ ದಾದಾಪೀರ ಎಂಬ ಬಾಲ್ಯದ ಗೆಳೆಯ ಕೊಲ್ಲಿಯ ದೇಶದಿಂದ ರಜೆಗೆ ಬಂದಿದ್ದಾನೆ ಎಂಬ ನೆಪ. ಬರುವಾಗ ಮುಖದ ಮೇಲೆ ಒಂದು ಗುಟ್ಟಿನ ನಗೆ. ಗಂಡಸಿನ ಮುಖದಲ್ಲಿ ಆ ನಗೆ ಯಾವಾಗ ಬರುತ್ತದೆ ಎಂದು ನನಗೆ ಅವ್ವ ಹೇಳಿಕೊಟ್ಟಿದ್ದಳು. ಅತ್ತೆ ಡಬ್ಬಿ ಅಲ್ಲಾಡಿಸುತ್ತ ನಡುಬಾಗಿಲು ಕಾಯುತ್ತಿದ್ದರೆ ನಾನು ಏಣಿ ಕಾಯುತ್ತಿದ್ದೆ.

ನಿಮ್ಮನ್ನೂ ಸಂಶಯದಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ. ಅದರ ಕಷ್ಟ ಬಲ್ಲವಳು ನಾನು. ನನಗೆ ಆಮೇಲೆ ತಿಳಿದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ದಾದಾಪೀರ ಕೊಲ್ಲಿಯಿಂದ ನಮ್ಮವರಿಗಾಗಿ ಒಂದು ಪೆಟ್ಟಿಗೆ ತಂದಿದ್ದ. ಅದರೊಳಗೆ ಪ್ಲಾಸ್ಟಿಕ್ಕಿನ ಬಿಡಿಭಾಗಗಳು. ಕೂಡಿಸಿ ಅಂಟಿಸಿದರೆ ಮೊಳದುದ್ದದ ಆಕಾಶನೌಕೆ. ಯಾವ ದೇಶದ್ದೂ ಅಲ್ಲ, ಯಾರೂ ಹಾರಿಸಿದ್ದೂ ಅಲ್ಲ, ಕಥೆ ಕಟ್ಟುವವರ ತಲೆಯಲ್ಲಷ್ಟೇ ಹಾರಿದ್ದು. ಮೂತಿಯಲ್ಲಿ ಎರಡು ತೋಪು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಆ ತೋಪುಗಳು ಬೆಂಕಿ ಉಗುಳುತ್ತಿದ್ದವು. ನಮ್ಮವರು ಅಟ್ಟದ ಮೇಲೆ ಕೂತು ನೌಕೆ ಜೋಡಿಸಿ ನೋಡಿದರೆ ತೋಪುಗಳ ಬಾಯಿಗಳು ಬೂದು ಬಣ್ಣದಲ್ಲಿ ತಣ್ಣಗೆ ತೆರೆದುಕೊಂಡಿದ್ದವು. 'ಪೆಟಗಿ ಮ್ಯಾಲೆ ಬೆಂಕಿ ಐತಿ, ಪೆಟಗಿ ಒಳಗ ಇಲ್ಲ! ಇದೆಂಥಾ ಮೋಸ!' ಎಂದು ದಾದಾಪೀರನ ಜೊತೆ ಜಗಳ ಆಡಿದರಂತೆ. ಇಲ್ಲದ ಆ ಬೆಂಕಿಯನ್ನು ತಾವೇ ಮಾಡುವ ಹಟ ಹಿಡಿದರು.

ಮೊದಲು ಕಡ್ಡಿಪೆಟ್ಟಿಗೆಯ ಮದ್ದು ತುಂಬಿ ಹೊತ್ತಿಸಿದರು. ಒಂದು ತೋಪಿನ ಬಾಯಿ ಕರಗಿ ಸೊಟ್ಟಗಾಯಿತು. ಮನೆ ತುಂಬಿದ ಹೆಸರಿಲ್ಲದ ವಾಸನೆ ಅದೇ. ಆಮೇಲೆ ಹೊಳೆದದ್ದು ಹತ್ತಿ. ಅರಳೆಯನ್ನು ಎಳೆ ಬಿಡಿಸಿ, ತಾಮ್ರದ ತಂತಿಯ ಗುಂಟ ತೆಳ್ಳಗೆ ಹಬ್ಬಿಸಿ, ನೀರು ಬೆರೆಸಿದ ಗೋಂದು ಸವರಿ, ಒದ್ದೆ ಇರುವಾಗಲೇ ಬಣ್ಣ ಉದುರಿಸುವುದು. ತೋಪಿನ ಬಾಯಿಯ ಹತ್ತಿರ ಅರಿಶಿನ, ಮುಂದೆ ಕುಂಕುಮ, ಅಂಚಿಗೆ ಕಾಡಿಗೆ. ಬುಡದಲ್ಲಿ ಬ್ಯಾಟರಿಯ ಪುಟ್ಟ ಬಲ್ಬು. ಎಷ್ಟು ಮಾಡಿದರೂ ಅದು ತೋಪು ಹಾರಿದಂತೆ ಕಾಣದೆ ಒಲೆ ಉರಿದಂತೆ ಕಾಣುತ್ತಿತ್ತಂತೆ. ಹಿಂದೆ ಯಾವಾಗಲೋ ನಮ್ಮ ಶಿರಹಟ್ಟಿ ಕಡೆಯ ಮಾಗಡಿ ಕೆರೆಯ ಹತ್ತಿರ ಯಾರೋ ಹಕ್ಕಿಗೆ ಬಂದೂಕು ಹಾರಿಸಿದ್ದನ್ನು ಅವರು ನೋಡಿದ್ದರು. ಬೆಂಕಿ ಕಂಡದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಹೊಗೆ ಮಾತ್ರ ನೀರಿನ ಮೇಲೆ ಬಹಳ ಹೊತ್ತು ನಿಂತಿತ್ತು. ಅದಕ್ಕೇ ಬೆಂಕಿ ಗಿಡ್ಡಗೆ, ಹೊಗೆ ಅಗಲಕ್ಕೆ ಇರಬೇಕು ಎಂದು ಅವರ ವಾದ. ರವಿವಾರ ಲಕ್ಷ್ಮೇಶ್ವರಕ್ಕೆ ಒಯ್ದು ತೋರಿಸಿದರೆ ದಾದಾಪೀರ ಒಪ್ಪಲಿಲ್ಲ.

'ಅರೇ ಯಾರ್, ಅಲ್ಲಿ ಮ್ಯಾಲೆ ಗಾಳೀನ ಇಲ್ಲ. ಗಾಳಿ ಇಲ್ಲದಲ್ಲಿ ಹೊಗಿ ಹಿಂಗ ಉಂಡಿ ಕಟ್ಟತೈತೇನು? ಖರೆ ಕಾಣಬೇಕಂದ್ರ ಹೊಗಿ ತಗದು ಒಗೀ.'

'ಹೊಗಿ ಇಲ್ಲಂದ್ರ ಗುಂಡು ಹಾರೇತಿ ಅಂತ ನಂಬೋರು ಯಾರಲೇ?'

ಒಪ್ಪಿಗೆಯಾಗದ ತುಂಡುಗಳನ್ನು ನಮ್ಮವರು ಪಕ್ಕಕ್ಕೆ ಎಸೆಯುತ್ತಿದ್ದರು. ಅಟ್ಟದ ಹಲಗೆಗಳಲ್ಲಿ ಬೆರಳು ತೂರುವಷ್ಟು ಸಂದಿ. ಅವು ಅಲ್ಲಿಂದ ಜಾರಿ, ತೇಲಿಕೊಂಡು ನೇರ ಕೆಳಗಿನ ನಡುಬಾಗಿಲ ಹೊಸ್ತಿಲಿಗೆ ಬಂದು ಇಳಿಯುತ್ತಿದ್ದವು. ವಿಷಯ ಇಷ್ಟೇ.

ಇಷ್ಟಕ್ಕೆ ಇಷ್ಟು ಗುಟ್ಟೇಕೆ ಎಂದು ನಾನೂ ಆಮೇಲೆ ಕೇಳಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂದು ನಂಬಿದ ಮನೆ ಅದು. ತೊಟ್ಟಿಲನ್ನು ಖಾಲಿ ತೂಗಿದರೆ ಅತ್ತೆ ಬೈಯುತ್ತಿದ್ದರು. 'ಕೂಸಿಲ್ಲದ ಮನ್ಯಾಗ ಆಟಗಿ ಸಾಮಾನ ತಂದು ಇಟಗೊಂಡು ಕುಂತಿದ್ರ ಅವ್ವ ಏನಂತಿದ್ಲು? ಅದು ಹೋಗ್ಲಿ, ನಿನಗ ಹೆಂಗ ಅನಸ್ತಿತ್ತು?' ಎಂದರು ನಮ್ಮವರು. 

ಆದರೆ ಅವರ ಗುಟ್ಟು ಅಟ್ಟದಲ್ಲಿ ಇದ್ದಷ್ಟು ದಿನ ಕೆಳಗೆ ಗಿರಿಜಕ್ಕನ ಬದುಕು ತಕ್ಕಡಿಯಲ್ಲಿ ತೂಗುತ್ತಿತ್ತು. ಆಕೆಯ ಕೊಡ ನಳದ ಹತ್ತಿರ ಬಂದು ಹೋದ ಕೂಡಲೇ ಅತ್ತೆ ನೀರು ಚೆಲ್ಲಿ ನೆಲ ತೊಳೆಸತೊಡಗಿದರು. ಕಡೆಗೆ ಒಂದು ದಿನ ಎಲ್ಲರ ಎದುರಿಗೇ ಹೇಳಿದರು: ಬರುವ ಅಮಾವಾಸ್ಯೆಗೆ ಕೊರ್ಲಹಳ್ಳಿಗೆ ಹೋಗುವುದು. ಅಲ್ಲಿ ಅತ್ತೆಯ ಅಣ್ಣ ನಾಗಪ್ಪ ಮಾವ ಇದ್ದಾರೆ, ಊರಿಗೆ ಹಿರಿಯರು. ಡಬ್ಬಿಯಲ್ಲಿದ್ದದ್ದನ್ನು ತುಂಗಭದ್ರೆಗೆ ಬಿಡುವುದು. ಗಿರಿಜಕ್ಕ ಅವರೆದುರಿಗೆ ಹೊಳೆಯಲ್ಲಿ ಕೈ ಇಟ್ಟು ತಾನು ಮಾಡಿಲ್ಲ ಎಂದು ಆಣೆ ಮಾಡುವುದು. ಮಾಡದಿದ್ದರೆ ನಡುಬಾಗಿಲಿಗೆ ಇಟ್ಟಿಗೆ ಇಟ್ಟು ಮುಚ್ಚುವುದು. ಬಾಗಿಲು ಮುಚ್ಚಿದರೆ ನೀರಷ್ಟೇ ಅಲ್ಲ, ಹೆಸರೂ ಹೋದಂತೆ. ಮಾಟಗಾತಿ ಅನ್ನಿಸಿಕೊಂಡವಳ ಕೈಗೆ ಬೆಟಗೇರಿಯಲ್ಲಿ ನೂಲು ಕೊಡುವವರು ಯಾರು? ಗಿರಿಜಕ್ಕ ನಳ ಬಂದ್ ಮಾಡಿದಳು. ಕೊಡ ಎತ್ತಿಕೊಂಡು ಹೋದಳು, ಅಷ್ಟೇ.

ನಮ್ಮವರ ಮುಖ ಸುಣ್ಣವಾಗಿತ್ತು. 'ಇದೆಲ್ಲಾ ಹುಚ್ಚಾಟ, ಯವ್ವಾ' ಎಂದವರು ಮುಂದಿನ ಮಾತು ನುಂಗಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಇವರು ಹೆಗಲ ಮೇಲಿನ ಅರಳೆಯನ್ನೇ ಒರೆಸಿಕೊಂಡರು. ನಾನು ನೋಡಿದೆ. ನನ್ನ ಸಂಶಯಕ್ಕೆ ಇನ್ನೊಂದು ಕೊಂಬು ಬಂತು.

ಅಮಾವಾಸ್ಯೆಯ ದಿನ ಮೂವರು ಹೆಂಗಸರು ಬಸ್ಸು ಹತ್ತಿದೆವು. ನಮ್ಮವರು ಅಂಗಡಿಯಲ್ಲಿ ಕೆಲಸವಿದೆ ಎಂದು ಹಿಂದೆ ಉಳಿದರು. ಅತ್ತೆ ಕಿಟಕಿಯ ಹತ್ತಿರ, ತೊಡೆಯ ಮೇಲೆ ಡಬ್ಬಿ. ಗಿರಿಜಕ್ಕ ಹಿಂದಿನ ಸೀಟಿನಲ್ಲಿ ಒಬ್ಬಳೇ. ಅತ್ತೆಯ ಪಕ್ಕದಲ್ಲಿ ನಾನು, ಎರಡು ಕಡೆಯ ಉಸಿರೂ ಕೇಳುವಂತೆ. ಮುಂಡರಗಿ ದಾಟಿದ ಮೇಲೆ ಕಂಡಕ್ಟರನಿಗೆ ಅತ್ತೆ ಡಬ್ಬಿ ಹಿಡಿದುಕೊಂಡ ರೀತಿ ಕಣ್ಣಿಗೆ ಬಿತ್ತು.

'ಏನೈತ್ರಿ ಅಜ್ಜಿ, ಅಷ್ಟ ಗಟ್ಟಿ ಹಿಡದೀರಿ?'

'ಚಟ್ನಿಪುಡಿ.'

'ನಮಗೂ ಒಂಚೂರು ರುಚಿ ತೋರಸ್ರಲಾ.'

'ನಿನಗ ಹೆಂಡ್ತಿ ಮಕ್ಕಳು ಅದಾರೇನು?' ಎಂದರು ಅತ್ತೆ, ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತ. 'ಅದಾರ? ಹಂಗಾದ್ರ ಬ್ಯಾಡ.'

ಹಿಂದಿನ ಸೀಟಿನಲ್ಲಿ ಗಿರಿಜಕ್ಕ ನಕ್ಕಳು. ಅಂಥ ದಿನವೂ ಆಕೆಗೆ ನಗು ಬಂತಲ್ಲ ಎಂದು ತಿರುಗಿ ನೋಡಿದೆ.

ಹೊಳೆಯಲ್ಲಿ ನೀರು ತಿಳಿಯಾಗಿತ್ತು. ನಾಗಪ್ಪ ಮಾವ ಹೆಗಲಿಗೆ ಕರಿಕಂಬಳಿ ಹಾಕಿಕೊಂಡು ಮೊದಲೇ ಬಂದು ಬಂಡೆಯ ಮೇಲೆ ಕೂತಿದ್ದರು. ಅತ್ತೆ ಎಲ್ಲ ಹೇಳಿದರು. ಮಾವ ಕೆಮ್ಮಿ, ಗಿರಿಜಕ್ಕನ ಕಡೆ ನೋಡದೆಯೇ, 'ನೀರಿಗೆ ಕೈ ಹಚ್ಚಿ ಹೇಳಿಬಿಡವಾ ತಂಗಿ, ಮುಗದ ಹೋಗ್ಲಿ' ಎಂದರು.

ಗಿರಿಜಕ್ಕ ಹೊಳೆಗೆ ಇಳಿದಳು. ಮೊಣಕಾಲುಮಟ ನೀರಿನಲ್ಲಿ ನಿಂತು ಹಿಂತಿರುಗಿದಳು.

'ಆಣಿ ಮಾಡತೀನ್ರಿ ಅತ್ತಿ. ಮಾಡಿದ ಮ್ಯಾಲೆ ನಾಳಿ ನಾ ನಳಕ್ಕ ಬಂದು ಹ್ವಾದ್ರ, ನೆಲಾ ತೊಳಸೂದು ಬಿಡತೀರೇನು?'

ಅತ್ತೆ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಬಿಗಿದರು.

'ಬಿಡೂದಿಲ್ಲ. ಹಂಗಾದ್ರ ಯಾಕ ಮಾಡ್ಲಿ?'

ಆಕೆ ಕೈಯನ್ನು ನೀರಿಗೆ ಇಡಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡು ಹಾಗೆಯೇ ನಿಂತಳು. ನನಗೆ ಅಳು ಬಂತು. ಯಾರಿಗಾಗಿ ಅಳು ಎಂದು ತಿಳಿಯಲಿಲ್ಲ. ಇಡೀ ಹೊಳೆದಂಡೆಯಲ್ಲಿ ನನಗೆ ಸಂಶಯವಿಲ್ಲದೆ ಕಂಡವಳು ಅವಳೊಬ್ಬಳೇ.

ಆಗ ದಂಡೆಯ ಮೇಲೆ ಲಾರಿಯೊಂದು ನಿಂತಿತು. ಹತ್ತಿ ತುಂಬಲು ಹೊಳೆಯಾಚೆ ಹೊರಟಿದ್ದ ಖಾಲಿ ಲಾರಿ. ಅದರಿಂದ ನಮ್ಮವರು ಇಳಿದರು, ಎದೆಗೆ ಒಂದು ಪೆಟ್ಟಿಗೆ ಅವಚಿಕೊಂಡು. ಓಡುತ್ತ ಬಂದು, ಏದುಸಿರು ಬಿಡುತ್ತ, ಪೆಟ್ಟಿಗೆಯಿಂದ ಆ ಬೂದು ನೌಕೆಯನ್ನು ತೆಗೆದು ಬಂಡೆಯ ಮೇಲೆ ಇಟ್ಟರು. ಎರಡು ತೋಪಿನ ಬಾಯಲ್ಲೂ ಹಳದಿ, ಕೆಂಪು, ಕಪ್ಪು ಅರಳೆ. ಡಬ್ಬಿಯಲ್ಲಿದ್ದದ್ದರ ಅಣ್ಣತಮ್ಮಂದಿರು.

'ಇದನ್ನ ಮಾಡಿದಾವ ನಾನು. ಗಿರಿಜಾ ವೈನಿ ಅಲ್ಲ. ಕುಂಕುಮಾನೂ ನಾನ ಕದ್ದೀನಿ' ಎಂದರು. 'ಇದು ತೋಪು ಹಾರಿದ್ದು, ಯವ್ವಾ. ನೋಡಿಲ್ಲೆ.'

ಬಲ್ಬಿನ ಎರಡು ತಂತಿ ಮುಟ್ಟಿಸಿದರು. ಮಧ್ಯಾಹ್ನದ ಬಿಸಿಲು, ಏನೂ ಕಾಣಲಿಲ್ಲ. ಮತ್ತೆ ಮುಟ್ಟಿಸಿದರು. ಅತ್ತೆಯ ಹುಬ್ಬು ಮೇಲೇರಿತು. ಅವರ ಕಣ್ಣಲ್ಲಿ ಹೊಸ ಸಂಶಯ ಹುಟ್ಟುವುದನ್ನು ನಾನು ಕಂಡೆ: ಮಗ ಸುಳ್ಳು ಹೇಳುತ್ತಿದ್ದಾನೆ, ಇವಳನ್ನು ಉಳಿಸಲು. ನಮ್ಮವರು ಮಾವನ ಹೆಗಲಿಂದ ಕಂಬಳಿ ಎಳೆದು, ಕತ್ತಲು ಮಾಡಲು ನೌಕೆಯ ಮೇಲೆ ಹೊದಿಸಿದರು. 'ಒಳಗ ಬರ್ರಿ. ವೈನಿ, ನೀವೂ ಬರ್ರಿ.'

ಹೀಗೆ ತುಂಗಭದ್ರೆಯ ದಂಡೆಯ ಮೇಲೆ, ಕುರಿಯ ವಾಸನೆಯ ಒಂದು ಕರಿಕಂಬಳಿಯೊಳಗೆ, ಅತ್ತೆ, ಗಿರಿಜಕ್ಕ, ನಾನು, ಮೂವರೂ ತಲೆಗೆ ತಲೆ ತಾಗಿಸಿಕೊಂಡು ಒಂದು ಆಕಾಶನೌಕೆಯ ಎದುರು ಕೂತೆವು. ಗಿರಿಜಕ್ಕನ ಒದ್ದೆ ಸೀರೆ ಅತ್ತೆಯ ಕಾಲಿಗೆ ತಾಗುತ್ತಿತ್ತು. ಹೊರಗಿನಿಂದ ನಮ್ಮವರ ದನಿ: 'ತಂತಿ ಹಿಡದ ಇಟ್ರ ದೀಪಾ ಆಗತೈತಿ. ಮುಟ್ಟಿಸಿ ಬಿಟ್ರ ಗುಂಡು.' ಮುಟ್ಟಿಸಿ ಬಿಟ್ಟರು.

ಅಯ್ಯೋ! ಹಾರಿತು ನೋಡಿ! ಬಿಳಿ ಹಳದಿ ಬೆಂಕಿ ಒಮ್ಮೆ ಉಬ್ಬಿ ಆರಿತು. ಆರಿದ ಮೇಲೂ ಕಣ್ಣಿನಲ್ಲಿ ಅದರ ಗುರುತು ಉಳಿಯಿತು, ಹೊಗೆ ಅಲ್ಲೇ ನಿಂತಿತ್ತು. ಸದ್ದೇ ಇರಲಿಲ್ಲ, ಆದರೂ ನನ್ನ ಕಿವಿ ಗುಂಯ್ಗುಟ್ಟಿತು. ಮತ್ತೊಮ್ಮೆ. ಅತ್ತೆ ಬೆಚ್ಚಿ ಪಕ್ಕದಲ್ಲಿದ್ದ ಕೈಯನ್ನು ಗಟ್ಟಿಯಾಗಿ ಹಿಡಿದರು. ಅದು ಗಿರಿಜಕ್ಕನ ಕೈ.

'ಯಾರಿಗೆ ಹೊಡ್ಯಾಕತ್ತೀಯೋ ಶಂಕ್ರಾ?' ಎಂದರು ಅತ್ತೆ ಮಗನಿಗೆ, ಕತ್ತಲಿನಿಂದಲೇ. 'ಎದುರಿಗೆ ಯಾರೂ ಇಲ್ಲಲ್ಲೋ!'



ಅತ್ತೆ ಪೂರ್ತಿ ನಂಬಿದರು ಎಂದು ತಿಳಿಯಬೇಡಿ. ಹೊರಡುವ ಮುಂಚೆ 'ಯಾವುದಕ್ಕೂ ಇರ್ಲಿ' ಎಂದು ಡಬ್ಬಿಯನ್ನು ಹೊಳೆಗೆ ಬಿಟ್ಟೇ ಬಂದರು. ಮುಂದೆ ನನಗೆ ಮಗಳು ಹುಟ್ಟಿದಾಗ, ಅದು ಡಬ್ಬಿ ಬಿಟ್ಟದ್ದರ ಫಲ ಎಂದು ಬಂದವರಿಗೆಲ್ಲ ಹೇಳಿದರು. ಆದರೆ ಬಾಗಿಲಿಗೆ ಇಟ್ಟಿಗೆ ಬರಲಿಲ್ಲ. ಅವತ್ತು ಸಂಜೆ ಮನೆಗೆ ಬಂದ ಮೇಲೆ ಅವರೇ ನಡುಬಾಗಿಲ ಹತ್ತಿರ ನಿಂತು ಕರೆದರು: 'ಬಾರವ್ವ ಗಿರಿಜಾ, ನಿನ್ನ ನೆಗೆಣ್ಣಿ ಚಾ ಮಾಡಾಕತ್ತಾಳ.'

ಗಿರಿಜಕ್ಕ ಬಂದಳು. ಹೊಸ್ತಿಲ ಆಚೆ ನಿಂತು, ಎರಡೂ ಅಂಗೈ ಮುಂದೆ ಚಾಚಿದಳು. ಹಿಂದೆ ಮುಂದೆ ತಿರುವಿ ತೋರಿಸಿದಳು.

'ಏನೂ ತಂದಿಲ್ಲ ನೋಡ್ರಿ' ಎಂದು ಹೇಳಿ ಒಳಗೆ ಕಾಲಿಟ್ಟಳು.

ಅತ್ತೆಯ ಮುಖ ಕಪ್ಪಿಟ್ಟಿತು. 'ಸಾಕು ಬಾರವ್ವ' ಎಂದರು. ಮರುದಿನವೂ ಹಾಗೆಯೇ ತೋರಿಸಿದಳು. ಅದರ ಮರುದಿನವೂ. ಮೊದಲಿಗೆ ಅದು ಚುಚ್ಚಲೆಂದೇ ಮಾಡಿದ್ದು. ಬರಬರುತ್ತ ಮಾತು ಬಿತ್ತು, ಕೈ ಉಳಿಯಿತು. ಆಮೇಲೆ ಅದು ಸೆರಗು ಸರಿಮಾಡಿಕೊಂಡಷ್ಟೇ ಸಹಜವಾಯಿತು. ನನ್ನ ಮಗಳು ಚಿಕ್ಕವಳಿದ್ದಾಗ ದೊಡ್ಡವ್ವನನ್ನು ನೋಡಿ, ಹೊಸ್ತಿಲು ದಾಟುವುದೆಂದರೆ ಹೀಗೆಯೇ ಎಂದು ತಾನೂ ಅಂಗೈ ತೋರಿಸಿ ದಾಟುತ್ತಿದ್ದಳು. ಅತ್ತೆ ಹಾಸಿಗೆ ಹಿಡಿದು ಮಲಗಿದಾಗ ಅವರ ಸೇವೆ ಮಾಡಿದವಳು ಗಿರಿಜಕ್ಕ. ಆಗಲೂ ಕೈ ತೋರಿಸಿಯೇ ಒಳಗೆ ಬರುತ್ತಿದ್ದಳು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಈಗ ಅತ್ತೆ ಇಲ್ಲ, ನಮ್ಮವರೂ ಇಲ್ಲ. ನೌಕೆ ಕಪಾಟಿನ ಮೇಲಿದೆ. ಅದರ ಬೆಂಕಿ ಬಣ್ಣಗೆಟ್ಟಿದೆ, ಹೊಗೆ ಮಾತ್ರ ಹಾಗೆಯೇ ಇದೆ.

ಇವತ್ತು ಆ ಅರಳೆಯ ಎಳೆ ಹಿಡಿದು ಕೈ ತೊಳೆದುಕೊಂಡೆ ಎಂದೆನಲ್ಲ. ಕೈ ಒರೆಸುತ್ತಿರುವಾಗ ನಡುಬಾಗಿಲು ಕಿರುಗುಟ್ಟಿತು. ಗಿರಿಜಕ್ಕ. ಬೆನ್ನು ಬಾಗಿದೆ, ಬೆರಳು ಸೊಟ್ಟಗಾಗಿವೆ. ಹೊಸ್ತಿಲ ಆಚೆ ನಿಂತು, ಯಾವತ್ತಿನಂತೆ, ಎರಡೂ ಅಂಗೈ ಎತ್ತತೊಡಗಿದಳು. ಆಗ ನನಗೆ ಗೊತ್ತಾಯಿತು. ಇಷ್ಟು ವರ್ಷ ಆಕೆ ತೋರಿಸಿದಾಗಲೆಲ್ಲ ನನ್ನ ಕಣ್ಣು ಆ ಅಂಗೈಗಳ ಮೇಲೆ ಒಮ್ಮೆ ಹೋಗಿಯೇ ಬರುತ್ತಿತ್ತು. ಆಕೆಯದು ಅಭ್ಯಾಸ ಎಂದು ನಾನು ನಗುತ್ತಿದ್ದೆ. ನನ್ನದನ್ನು ನಾನು ಗಮನಿಸಿರಲಿಲ್ಲ.

ಕೈ ಪೂರ್ತಿ ಮೇಲೆ ಬರುವ ಮೊದಲೇ ನಾನು ಬೆನ್ನು ತಿರುಗಿಸಿ ಒಲೆಯ ಹತ್ತಿರ ಹೋದೆ. ಚಹಾಕ್ಕೆ ನೀರಿಟ್ಟೆ. ತಿರುಗಿ ನೋಡಬೇಕೆಂದು ಕುತ್ತಿಗೆ ಎಳೆಯಿತು, ನೋಡಲಿಲ್ಲ.  ಆಮೇಲೆ ಹಿಂದಿನಿಂದ ನಿಧಾನವಾದ ಹೆಜ್ಜೆ. ಕುರ್ಚಿ ಎಳೆದ ಸದ್ದು.

'ಇವತ್ತ ನೀ ನನ್ನ ಕೈ ನೋಡ್ಲಿಲ್ಲಲ್ಲ' ಎಂದಳು ಗಿರಿಜಕ್ಕ. ದನಿಯಲ್ಲಿ ಸಂಶಯವಿತ್ತು. 'ಯಾಕ, ಮೈಯಾಗ ಆರಾಮ ಐತಿಲ್ಲೋ?'